ಯಾರೂ ಬಿಟ್ಟು ಹೋಗದ ಆಟ

ಔಲು, ಫಿನ್‌ಲೆಂಡ್
ಶನಿವಾರ, ಮಾರ್ಚ್ 9

ಪ್ರೀತಿಯ ಮಿರ್ವಾ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡ ಕೂಡಲೇ ನೀನಿದನ್ನು ಒಡೆದಿರುವುದಿಲ್ಲ. ಎರಡು ದಿನ ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿರುತ್ತೀಯ. ಹಾದುಹೋಗುವಾಗಲೆಲ್ಲ ಅದರತ್ತ ಒಮ್ಮೆ ಕಣ್ಣು ಹಾಯಿಸಿರುತ್ತೀಯ. ಇರಲಿ, ಈಗಲಾದರೂ ಓದುತ್ತಿದ್ದೀಯಲ್ಲ. ಕಾಫಿ ಮುಂದಿದ್ದರೆ ಮೊದಲು ಕುಡಿದುಬಿಡು, ಪತ್ರ ಉದ್ದವಿದೆ. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯೇನೋ. ಫೋನಿನಲ್ಲಿ ನನ್ನ ಮಾತಿನ ಬಂಡವಾಳ ಎಷ್ಟೆಂದು ನಿನಗೆ ಗೊತ್ತೇ ಇದೆ: ಹ್ಞೂಂ, ಸರಿ, ಇಲ್ಲೂ ಹಿಮ ಬಿತ್ತು.

ವಿಷಯ ಇಷ್ಟು. 'ಬೂದಿಹಾದಿ' ವಿಡಿಯೊ ಆಟದ ಎರಡನೇ ಭಾಗ ಕೊನೆಗೂ ಬಂತು. ಅದನ್ನು ನಾನೊಬ್ಬನೇ ಆಡಿದೆ. ನಿನ್ನನ್ನು ಬಿಟ್ಟು ಆಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಆ ಮಾತಿಗೆ ತಪ್ಪಿದೆ. ತಪ್ಪಿದ್ದಕ್ಕೆ ತಕ್ಕ ಶಾಸ್ತಿಯೂ ಆಯಿತು. ಹನ್ನೊಂದು ವರ್ಷ ಬಾಯಿ ಬಿಟ್ಟುಕೊಂಡು ಕಾದ ಆಟ ಇದೇನಾ ಎಂದು ಅಳು ಬಂದಿದೆ. ಅಳು ಎಂದು ಬರೆದಿದ್ದೇನೆ, ಉತ್ಪ್ರೇಕ್ಷೆ ಎಂದುಕೊಳ್ಳಬೇಡ.

ಶಾಲೆಗಳ ಸ್ಕೀ ರಜೆಯ ವಾರ ಪೂರ್ತಿ ಡಿಪೋದಲ್ಲಿ ರಜೆ ಹಾಕಿದ್ದೆ. ಎಲ್ಲರೂ ಮಕ್ಕಳನ್ನು ಕಟ್ಟಿಕೊಂಡು ಲ್ಯಾಪ್‌ಲ್ಯಾಂಡಿಗೆ ಹೋಗುವ ವಾರ, ಬಸ್ಸು ಓಡಿಸುವುದಕ್ಕೆ ಜನ ಸಾಲದು. ರಜೆ ಕೇಳಿದ್ದಕ್ಕೆ ಯೋರ್ಮಾ ನಕ್ಕ. ನೆನಪಿದೆಯಲ್ಲ, ನನ್ನ ಜೊತೆ ಪಾಳಿ ಬದಲಾಯಿಸಿಕೊಳ್ಳುವ ಬೋಳುತಲೆಯ ಯೋರ್ಮಾ. "ಐವತ್ತು ಹತ್ರ ಬಂತಲ್ಲೋ, ಇನ್ನೂ ರಾಕ್ಷಸರ ಜೊತೆ ಗುದ್ದಾಡ್ತಾ ಇದೀಯಾ? ನಮ್ಮ ಮನೇಗೆ ಬಾ, ನಮ್ಮತ್ತೆ ಬಂದಿದಾರೆ, ಕತ್ತಿ ಬೇಕಾದ್ರೆ ನಾನೇ ಕೊಡ್ತೀನಿ" ಅಂದ. ನಗಾಡುತ್ತಲೇ ಮೂರು ದಿನ ನನ್ನ ಪಾಳಿ ತಾನು ವಹಿಸಿಕೊಂಡ. ಒಳ್ಳೆಯವನು.

ಸೋಮವಾರ ಬೆಳಿಗ್ಗೆ ಒಂದು ಕೆಟಲ್ ಕಾಫಿ, ಒಂದು ಪೊಟ್ಟಣ ಉಪ್ಪು ಲಿಕರೀಸ್ ಮಿಠಾಯಿ, ಕ್ರೀಮು ತುಂಬಿದ ಬನ್ನು ಎರಡು ಇಟ್ಟುಕೊಂಡು ಸೋಫಾದ ಮೇಲೆ ಕೂತೆ. ಎರಡೇಕೆ ತಂದೆನೋ ಗೊತ್ತಿಲ್ಲ, ಅಭ್ಯಾಸ. ಎರಡನ್ನೂ ನಾನೇ ತಿಂದೆ.

ಮೊದಲ ಭಾಗವನ್ನು ನಾವು ಹೇಗೆ ಆಡುತ್ತಿದ್ದೆವು ಎಂದು ಈ ಊರಿನಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ. ಒಬ್ಬರೇ ಆಡುವ ಆಟವನ್ನು ಇಬ್ಬರು ಆಡಿದವರು ನಾವು. ಕತ್ತಿ ನನ್ನದು, ಮಾತು ನಿನ್ನದು. ಹೊಡೆದಾಟ ಬಂದರೆ ಕಂಟ್ರೋಲರ್ ನನ್ನ ಕೈಗೆ. ಯಾರಾದರೂ ಎದುರಿಗೆ ಬಂದು ಮಾತಿಗೆ ನಿಂತರೆ ನಿನ್ನ ಕೈಗೆ. ತೆರೆಯ ಮೇಲೆ ನಾಲ್ಕು ಉತ್ತರ ಬರುತ್ತಿದ್ದವು, ನೀನು ಕಾಲು ಮಡಚಿ ಕೂತು ನಾಲ್ಕನ್ನೂ ಎರಡೆರಡು ಸಲ ಓದುತ್ತಿದ್ದೆ. ನಾನು ಆತುರಪಟ್ಟರೆ, "ಸುಮ್ನಿರೋ ಮಾರಾಯ, ಅವಳ ಮಗ ಸತ್ತಿದಾನೆ, ಬಾಯಿಗೆ ಬಂದಿದ್ದು ಹೇಳಕ್ಕಾಗುತ್ತಾ" ಅನ್ನುತ್ತಿದ್ದೆ. ಅದು ಬೊಂಬೆ, ಅದಕ್ಕೆ ಮಗನೂ ಇಲ್ಲ ಮರಿಯೂ ಇಲ್ಲ ಎಂದು ನಾನು ಹೇಳುತ್ತಿದ್ದೆ. ಆದರೂ ನೀನು ಓದಿ ಮುಗಿಸುವ ತನಕ ಕಾಯುತ್ತಿದ್ದೆ, ಅದೊಂದು ನೆನಪಿಟ್ಟುಕೋ. ಪ್ರತಿ ವರ್ಷ ಮೊದಲ ಹಿಮ ಬಿದ್ದ ವಾರ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆವು. ಬೇರೆಯವರು ಹಬ್ಬ ಮಾಡುವ ಹಾಗೆ.

ಈಗ ಮಾತೂ ನನ್ನ ತಲೆಗೇ ಬಂತು. ಮೊದಲ ಹಳ್ಳಿಯಲ್ಲೇ ಒಬ್ಬ ಮುದುಕ ಎದುರಾದ, ಹಳೇ ಯುದ್ಧದಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ನಾಲ್ಕು ಉತ್ತರ ಬಂದವು. ನಾನು ಹತ್ತು ನಿಮಿಷ ಕೂತೆ ಮಿರ್ವಾ, ನಿಜವಾಗಿಯೂ ಹತ್ತು ನಿಮಿಷ. ನೀನಾಗಿದ್ದರೆ ಯಾವುದನ್ನು ಆರಿಸುತ್ತಿದ್ದೆ ಎಂದು ಯೋಚಿಸಿ ಯೋಚಿಸಿ ಮೂರನೆಯದನ್ನು ಒತ್ತಿದೆ. ಮುದುಕ ಧನ್ಯವಾದ ಹೇಳಿ ಹೋದ. ಸರಿಯಾಗಿ ಮಾತಾಡಿದೆ ಎಂದು ಹಿಗ್ಗಿ ಹೀರೇಕಾಯಿಯಾದೆ. ಆಮೇಲೆ ಅನುಮಾನ ಬಂದು, ಹಿಂದಕ್ಕೆ ಹೋಗಿ ಮೊದಲನೆಯದನ್ನು ಒತ್ತಿ ನೋಡಿದೆ. ಅದೇ ಧನ್ಯವಾದ. ಎರಡು, ನಾಲ್ಕು, ಯಾವುದನ್ನೊತ್ತಿದರೂ ಅದೇ ಧನ್ಯವಾದ. 'ನಿನ್ನ ಹೆಂಡತಿ ಸತ್ತರೆ ನನಗೇನು' ಎಂಬರ್ಥದ ಉತ್ತರಕ್ಕೂ ಮುದುಕ ಕೈಮುಗಿದ. ನಮ್ಮ ಕಾಲದಲ್ಲಿ ಆಗಿದ್ದರೆ ಅವನು ಊರ ಬಾಗಿಲನ್ನೇ ಹಾಕಿಸಿಬಿಡುತ್ತಿದ್ದ.

ಹೌದು, ಹಿಂದಕ್ಕೆ ಹೋದೆ. ಮಾಡಿದ್ದು ಮಾಡಿದ್ದೇ, ಹಿಂದಕ್ಕೆ ಹೋಗುವಂತಿಲ್ಲ ಎಂದು ನಮ್ಮ ಮನೆಯಲ್ಲಿ ನೀನು ಹಾಕಿದ್ದ ಕಾನೂನನ್ನೂ ಮುರಿದೆ. ಮುರಿಯುವುದು ಈಗ ಬಲು ಸುಲಭ. ಆಗ ಕಲ್ಲೊಲೆ ಸಿಕ್ಕ ಕಡೆ ಮಾತ್ರ ಆಡಿದಷ್ಟು ಆಟವನ್ನು ಉಳಿಸಿ ಏಳಬಹುದಿತ್ತಲ್ಲ, ಈಗ ಒಲೆಗಳೆಲ್ಲ ಬರೀ ಅಲಂಕಾರಕ್ಕೆ. ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಒಂದು ಗುಂಡಿ ಒತ್ತಿದರೆ ಉಳಿಯುತ್ತದೆ. ಹೊಡೆದಾಟದ ನಡುವೆಯೇ ಎದ್ದು ಹೋಗಬಹುದು. ನಾನು ಆ ಗುಂಡಿಯನ್ನು ನೋಡುತ್ತ ಕೂತಿದ್ದೆ. ಯಾವ ಕ್ಷಣದಲ್ಲಾದರೂ ಎದ್ದು ಬರಬಹುದಾದ ಆಟ ಈಗ ನನ್ನ ಕೈಯಲ್ಲಿದೆ, ಬಾ ಎಂದು ಕರೆಯುವವರು ಮನೆಯಲ್ಲಿ ಯಾರೂ ಇಲ್ಲ.

ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ರೌನಿಯ ಸುದ್ದಿ.

ಮೊದಲ ಭಾಗದಲ್ಲಿ ನಮ್ಮ ಜೊತೆಗಾರ್ತಿಯಾಗಿದ್ದ, ಉಪ್ಪು ಮಾರುವ ರೌನಿ ಮತ್ತೆ ಬಂದಿದ್ದಾಳೆ. ಅದೇ ಕತ್ತರಿಸಿದ ಕಿವಿ, ಅದೇ ಚೀಲ. ಅವಳನ್ನು ಕಂಡಾಗ ಎದ್ದು ನಿಂತೆ. ಮೊದಲ ವರ್ಷ ಕಣಜ ಸುಟ್ಟಿದ್ದು ನಿನಗೆ ನೆನಪಿರಲೇಬೇಕು. ದರೋಡೆಕೋರರು ಒಳಗೆ ಅಡಗಿದ್ದಾರೆ, ಬೆಂಕಿ ಹಚ್ಚಿದರೆ ಕೆಲಸ ಒಂದೇ ಏಟಿಗೆ ಮುಗಿಯುತ್ತದೆ ಎಂದು ನಾನು ಹಚ್ಚಿಬಿಟ್ಟೆ. ನೀನು ಚಳಿಗಾಲಕ್ಕೆ ಹಳ್ಳಿಯವರು ಏನು ತಿನ್ನುತ್ತಾರೆ ಎಂದು ಕೇಳುತ್ತಲೇ ಇದ್ದೆ. ಮುಂದಿನ ಒಲೆಯ ಹತ್ತಿರ ರೌನಿ ಚೀಲ ಹೆಗಲಿಗೇರಿಸಿದಳು. "ನಾನು ನಿನ್ನ ಉಪ್ಪು ತಿಂದವಳಲ್ಲ, ನೀನೇ ನನ್ನ ಉಪ್ಪು ತಿಂದವನು. ಇವತ್ತಿಂದ ಸಪ್ಪೆ ತಿನ್ನು" ಅಂದು ಕತ್ತಲಿಗೆ ನಡೆದೇಬಿಟ್ಟಳು. ಮತ್ತೆ ಬರಲಿಲ್ಲ. ಇನ್ನೂ ಮೂವತ್ತು ಗಂಟೆ ಆಟ ಬಾಕಿ ಇತ್ತು, ಅಷ್ಟೂ ಹೊತ್ತು ಅವಳಿಲ್ಲದೆ ಒದ್ದಾಡಿದೆವು. ನಾನು ಹಿಂದಕ್ಕೆ ಹೋಗೋಣ, ಕಣಜ ಸುಡುವುದು ಬೇಡ ಎಂದು ಗೋಗರೆದೆ. ನೀನು ಎರಡು ದಿನ ನನ್ನ ಜೊತೆ ಮಾತು ಬಿಟ್ಟೆ. "ಅವಳು ಹೋಗಿದ್ದೇ ಸರಿ" ಎಂದೆ ಮೂರನೆಯ ದಿನ, ಬಟಾಣಿ ಸಾರು ಬಡಿಸುತ್ತಾ. ಆ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಆದರೆ ನಿನ್ನನ್ನು ಮದುವೆಯಾಗಬೇಕು ಎಂದು ತೀರ್ಮಾನಿಸಿದ್ದೂ ಆಗಲೇ. ಇದನ್ನು ಹಿಂದೆ ಹೇಳಿರಲಿಲ್ಲ ಅನಿಸುತ್ತದೆ.

ಈ ಸಲದ ರೌನಿ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ನಾನೇನು ಮಾಡಿದರೂ ಅವಳ ಹೆಸರಿನ ಪಕ್ಕದಲ್ಲಿ ಒಂದು ಚಿಕ್ಕ ಹೃದಯ ತುಂಬಿಕೊಳ್ಳುತ್ತಲೇ ಹೋಗುತ್ತದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನನಗೆ ರೇಗಿಹೋಗಿತ್ತು. ಪರೀಕ್ಷೆ ಮಾಡಿಯೇಬಿಡೋಣ ಎಂದು ಒಬ್ಬ ವಿಧವೆಯ ಕುದುರೆ ಕದ್ದೆ. ರೌನಿ, "ನಿಮಗೇನೋ ಕಾರಣ ಇರುತ್ತೆ" ಅಂದಳು. ನೀವು ಅಂತೆ, ನನಗೆ! ಸೇತುವೆ ಕಾಯುವವನನ್ನು ಹೊಳೆಗೆ ತಳ್ಳಿದೆ. "ಕಷ್ಟದ ನಿರ್ಧಾರ" ಅಂದಳು. ಬುಧವಾರ ಇಡೀ ದಿನ ಇದೇ ಕೆಲಸ. ಊಟ ಬಿಟ್ಟು, ಪರದೆ ಎಳೆದುಕೊಂಡು, ನಲವತ್ತೇಳು ವರ್ಷದ ಬಸ್ ಡ್ರೈವರ್ ಒಬ್ಬ ಒಂದು ಬೊಂಬೆಗೆ ಸಿಟ್ಟು ಬರಿಸಲು ಕಂಡ ಕಂಡ ಪಾಪವನ್ನೆಲ್ಲ ಮಾಡುತ್ತಿದ್ದ. ಕೊನೆಗೆ ಒಂದು ಹಳ್ಳಿ ಸಿಕ್ಕಿತು, ಅಲ್ಲೊಂದು ಕಣಜ ಇತ್ತು. ದರೋಡೆಕೋರರೂ ಇರಲಿಲ್ಲ, ಕಾರಣವೂ ಇರಲಿಲ್ಲ. ಬೆಂಕಿ ಹಚ್ಚಿದೆ. ಜನ ಬಕೆಟ್ಟು ಹಿಡಿದು ಓಡಾಡಿದರು. ನಾನು ರೌನಿಯ ಕಡೆ ತಿರುಗಿ, ಹೋಗು, ಈಗಲಾದರೂ ಹೋಗು ಎಂದು ಬಾಯಿ ಬಿಟ್ಟೇ ಹೇಳಿದೆ. ಅವಳು ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಏನೇ ಆಗ್ಲಿ, ನಾನು ನಿಮ್ಮ ಜೊತೆಗಿರ್ತೀನಿ" ಅಂದಳು. ಹೃದಯ ಪೂರ್ತಿ ತುಂಬಿತು.

ಅಳು ಬಂದದ್ದು ಆಗ.

ಗುರುವಾರ ಆಟಗಾರರ ಜಾಲತಾಣದಲ್ಲಿ ನನ್ನ ಗೋಳು ಬರೆದೆ. ಜೊತೆಗಾರರು ಸಿಟ್ಟಾಗುವುದಿಲ್ಲ, ಬಿಟ್ಟು ಹೋಗುವುದಿಲ್ಲ, ಇದೆಂಥ ಆಟ ಎಂದು. ಸ್ವೀಡನ್ನಿನ ಯಾರೋ ಒಬ್ಬ ತಾಳ್ಮೆಯಿಂದಲೇ ಉತ್ತರ ಬರೆದಿದ್ದ. ಮೊದಲ ಭಾಗದಲ್ಲಿ ಇಷ್ಟಪಟ್ಟ ಜೊತೆಗಾರರು ಹೊರಟುಹೋಗುತ್ತಾರೆಂದು ಸಾವಿರಾರು ಜನ ದೂರಿದರಂತೆ, ಅದಕ್ಕೇ ಈ ಸಲ ಯಾರಿಗೂ ಹೋಗಲು ಬಿಟ್ಟಿಲ್ಲವಂತೆ. ಬಾಗಿಲೇ ಇಟ್ಟಿಲ್ಲ ಎಂದು ಬರೆದಿದ್ದ. ಕೊನೆಗೆ ಒಂದು ಸಾಲು: 'ಅಜ್ಜ, ನಿಮಗೆ ಆಟ ಬೇಕೋ, ಬೈಯುವವರು ಬೇಕೋ?'

ನನಗೆ ಬೈಯುವವರು ಬೇಕಿತ್ತು ಮಿರ್ವಾ. ಆ ಹುಡುಗನಿಗೆ ಹಾಗೆಂದು ಬರೆಯಲಾಗಲಿಲ್ಲ, ನಿನಗೆ ಬರೆಯುತ್ತಿದ್ದೇನೆ.

ನಿನ್ನಪ್ಪ ತೀರಿಕೊಂಡ ಶನಿವಾರದ ಮಾತನ್ನು ನಾವು ಒಮ್ಮೆಯೂ ಆಡಿಲ್ಲ. ಕಯಾನಿಯ ಆಸ್ಪತ್ರೆಯಿಂದ ಫೋನು ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ತೌನೊ ಮಾವನ ಹೃದಯ ಕೈಕೊಡುತ್ತಿದೆ, ಬರುವುದಾದರೆ ಈಗಲೇ ಬನ್ನಿ ಅಂದಿದ್ದರು. ನಿನ್ನ ಕಾರು ಗ್ಯಾರೇಜಿನಲ್ಲಿತ್ತು. ನೀನು ಓಡಿ ಬಂದು ಹೊರಡೋಣ ಅಂದೆ. ನಾನು ತೆರೆಯಿಂದ ಕಣ್ಣು ತೆಗೆಯದೆ, "ಒಲೆ ಸಿಕ್ಕ ತಕ್ಷಣ ಬಂದೆ, ಇಲ್ಲಾಂದ್ರೆ ಬೆಳಿಗ್ಗೆಯಿಂದ ಆಡಿದ್ದೆಲ್ಲ ಹೋಗುತ್ತೆ" ಅಂದೆ. ನೀನು ಹ್ಞೂಂ ಅಂದೆ. ಕೋಟು ಬೂಟು ಹಾಕಿಕೊಂಡು ಬಾಗಿಲ ಬಳಿ ನಿಂತೆ. ನಲವತ್ತು ನಿಮಿಷ. ಹಿಮದಲ್ಲಿ ಎರಡೂವರೆ ಗಂಟೆಯ ದಾರಿ. ನಾವು ಮುಟ್ಟುವ ಇಪ್ಪತ್ತು ನಿಮಿಷ ಮುಂಚೆ ಅವರು ಹೋಗಿಬಿಟ್ಟಿದ್ದರು. ನರ್ಸು ಕಿಟಕಿ ತೆರೆದು, ಮೇಣದಬತ್ತಿ ಹಚ್ಚಿಟ್ಟಿದ್ದಳು. ನಿಮ್ಮನ್ನು ಎರಡು ಸಲ ಕೇಳಿದರು ಎಂದು ಅವಳು ಹೇಳಿದಾಗ ನೀನು ನನ್ನ ಕಡೆ ನೋಡಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ನೀನು ಬೈಯುತ್ತೀಯ ಎಂದು ಕಾದೆ. ಕಾರು ನಿಲ್ಲಿಸು ಅನ್ನುತ್ತೀಯ, ಕೆನ್ನೆಗೆ ಹೊಡೆಯುತ್ತೀಯ ಎಂದು ಕಾದೆ. ಪೆಟ್ರೋಲ್ ಬಂಕಿನಲ್ಲಿ ನೀನು ನನಗೂ ಒಂದು ಕಾಫಿ ತಂದುಕೊಟ್ಟೆ. ಅಂತ್ಯಕ್ರಿಯೆಗೆ ಬಂದವರಿಗೆಲ್ಲ, ಹಿಮ ಜಾಸ್ತಿ ಇತ್ತು, ಓಸ್ಮೊ ಹುಷಾರಾಗಿ ಓಡಿಸಿದ, ಸ್ವಲ್ಪದರಲ್ಲಿ ತಪ್ಪಿಹೋಯಿತು ಎಂದು ನೀನೇ ಹೇಳಿದೆ. ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಸೋಮವಾರ ನೀನು ಪೆಟ್ಟಿಗೆ ಕಟ್ಟಿದೆ, ಆಗಲೂ ಬೈಯಲಿಲ್ಲ. ಅಪ್ಪನ ಮನೆ ಖಾಲಿ ಬಿದ್ದಿದೆ, ಅಲ್ಲೇ ಇರ್ತೀನಿ ಎಂದಷ್ಟೇ ಹೇಳಿದೆ. ನಾನೂ ಸರಿ ಅಂದೆ. ನೋಡು, ಮಾತು ನಿನ್ನದು ಎಂದು ಹಂಚಿಕೊಂಡಿದ್ದು ಆಟದಲ್ಲಿ ಮಾತ್ರ. ನಾನು ಇಡೀ ಸಂಸಾರದ ಮಾತನ್ನೇ ನಿನ್ನ ತಲೆಗೆ ಕಟ್ಟಿಬಿಟ್ಟಿದ್ದೆ, ನಿನಗೆ ಮಾತು ಮುಗಿದಾಗ ನನ್ನ ಹತ್ತಿರ ಒಂದು ಶಬ್ದವೂ ಇರಲಿಲ್ಲ.

ಈಗ ಲಕೋಟೆಯಲ್ಲಿರುವ ಇನ್ನೊಂದು ಕಾಗದದ ವಿಷಯ. ನೀನು ಅಕ್ಟೋಬರಿನಲ್ಲಿ ಕಳಿಸಿದ್ದು. ವಿಚ್ಛೇದನಕ್ಕೆ ಮುಂಚೆ ನ್ಯಾಯಾಲಯ ಕೊಟ್ಟ ಆರು ತಿಂಗಳ ಯೋಚನೆಯ ಅವಧಿ ಮುಗಿಯಿತು, ಎರಡನೇ ಅರ್ಜಿಗೆ ಇಬ್ಬರೂ ಸಹಿ ಹಾಕಿ ಒಟ್ಟಿಗೇ ಕೊಡೋಣ, ಜಗಳವಾಡಿದವರ ಹಾಗೆ ನಾನೊಬ್ಬಳೇ ಕೊಡುವುದು ಬೇಡ ಎಂದು ಜೊತೆಗೆ ಚೀಟಿ ಇಟ್ಟಿದ್ದೆ. ನವೆಂಬರಿನಲ್ಲಿ ನೀನು ಕೇಳಿದಾಗ ಬಂದಿಲ್ಲ, ಅಂಚೆಯಲ್ಲಿ ಕಳೆದಿರಬೇಕು ಅಂದೆ. ಜನವರಿಯಲ್ಲಿ ನೀನು ಇನ್ನೊಂದು ಪ್ರತಿ ಕಳಿಸಿದೆ, ಅದಕ್ಕೂ ನಾನು ಅಂಚೆಯವರನ್ನೇ ಬೈದೆ. ಎರಡೂ ಬಂದಿದ್ದವು. ಎರಡನ್ನೂ ಸಾಲ್ಮನ್ ಮೀನಿಗೆ ಹೊಗೆ ಹಿಡಿಸುವ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಏಪ್ರಿಲ್‌ಗೆ ಮೊದಲ ಅರ್ಜಿಗೆ ಒಂದು ವರ್ಷ ತುಂಬುತ್ತದೆ, ಅದರೊಳಗೆ ಎರಡನೆಯದನ್ನು ಕೊಡದಿದ್ದರೆ ಅದು ಸತ್ತುಹೋಗುತ್ತದೆ, ಎಲ್ಲ ಮೊದಲಿನಿಂದ ಶುರು ಎಂದು ನನಗೆ ಗೊತ್ತಿತ್ತು. ಅಷ್ಟರೊಳಗೆ ನಿನ್ನ ಮನಸ್ಸು ಬದಲಾಗಬಹುದು ಎಂದುಕೊಂಡೆ. ಮನಸ್ಸು ಬದಲಾಗದಿದ್ದರೂ ಬೇಸತ್ತು ಸುಮ್ಮನಾಗಬಹುದು ಎಂದೂ ಅಂದುಕೊಂಡೆ, ಅದೇ ಹೆಚ್ಚು ನಾಚಿಕೆಯ ಮಾತು.

ರೌನಿ ಹೆಗಲ ಮೇಲೆ ಕೈಯಿಟ್ಟಾಗ ನನಗೆ ಹೊಳೆದದ್ದು ಇದು. ಬಾಗಿಲೇ ಇಲ್ಲದ ಮನೆಯಲ್ಲಿ ಇರುವವರನ್ನು ಜೊತೆಗಿದ್ದಾರೆ ಅನ್ನುವುದಕ್ಕಾಗುವುದಿಲ್ಲ. ಸಹಿ ಹಾಕಿದ್ದೇನೆ. ತಾರೀಕೂ ಬರೆದಿದ್ದೇನೆ. ನಿನ್ನದನ್ನು ಹಾಕಿ ನೀನೇ ಕಳಿಸು, ನನ್ನ ಕೈಗೆ ಮತ್ತೆ ಕೊಡಬೇಡ, ನಂಬಿಕೆಯಿಲ್ಲ.

ಆಟವನ್ನು ಅಂಗಡಿಗೆ ವಾಪಸು ಕೊಟ್ಟೆ. ಏನು ತೊಂದರೆ ಎಂದು ಕೌಂಟರಿನ ಹುಡುಗಿ ಕೇಳಿದಳು. ಜನ ಬಹಳ ಒಳ್ಳೆಯವರು ಎಂದೆ. ಅವಳು ಅದನ್ನೇ ಬರೆದುಕೊಂಡಳು.

ನಿನ್ನ ಮೊಣಕೈ ನೋವು ಹೇಗಿದೆ? ತೌನೊ ಮಾವನ ಮನೆಯ ಚಾವಣಿಯ ಹಿಮ ಯಾರು ತೆಗೆಯುತ್ತಾರೆ? ಮಾರ್ಚಿನ ಹಿಮ ಭಾರ, ನೀನೇ ಮೇಲೆ ಹತ್ತಬೇಡ. ಇಲ್ಲಿ ಹಗಲು ಉದ್ದವಾಗಿದೆ, ಸಮುದ್ರದ ಮೇಲಿನ ಮಂಜುಗಡ್ಡೆಯ ಮೇಲೆ ಜನ ಇನ್ನೂ ಮೀನು ಹಿಡಿಯುತ್ತಿದ್ದಾರೆ. ಆರು ಗಂಟೆಗೆ ಸೌನಾದಲ್ಲಿ ಹಬೆಸ್ನಾನದ ಪಾಳಿ ಇದೆ, ಕಟ್ಟಡದವರು ನಮ್ಮಿಬ್ಬರ ಹೆಸರನ್ನು ಪಟ್ಟಿಯಿಂದ ಇನ್ನೂ ತೆಗೆದಿಲ್ಲ. ಸೋಮವಾರ ಹೇಳಿ ತೆಗೆಸುತ್ತೇನೆ.

ಬೈದು ಬರೆಯಬೇಕು ಅನಿಸಿದರೆ ಬರೆ. ಬರೆಯದಿದ್ದರೂ ಸರಿ.

ನಿನ್ನವನಾಗಿದ್ದ,
ಓಸ್ಮೊ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಸೌನಾದಿಂದ ಬಂದು, ಅಂಟಿಸಿದ್ದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಇದಿಲ್ಲದೆ ಕಳಿಸಿದರೆ ನೀನು ಬೈದರೂ ಆ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. ಆ ಶನಿವಾರ ನನಗೆ ಒಲೆ ಐದೇ ನಿಮಿಷದಲ್ಲಿ ಸಿಕ್ಕಿತ್ತು. ಆಟ ಉಳಿಯಿತು ಎಂದು ತೆರೆಯ ಮೇಲೆ ಬಂತು. ನಾನು ಏಳಲಿಲ್ಲ. ಸಾಯುತ್ತಿರುವ ಮನುಷ್ಯನ ಮುಂದೆ ನಿಂತು ಏನು ಹೇಳಬೇಕು, ದಾರಿಯಲ್ಲಿ ನಿನಗೆ ಏನು ಹೇಳಬೇಕು ಎಂದು ತಿಳಿಯದೆ ಹೆದರಿ, ಒಲೆಯನ್ನು ದಾಟಿ ಮುಂದಕ್ಕೆ ನಡೆದೆ. ಇನ್ನೇನು ಸಿಗುತ್ತದೆ, ಇನ್ನೇನು ಸಿಗುತ್ತದೆ ಎಂದು ನಿನಗೆ ಕೂಗಿ ಹೇಳುತ್ತಲೇ ಮೂವತ್ತೈದು ನಿಮಿಷ ಆಡಿದೆ. ನೀನು ಎರಡು ಹೆಜ್ಜೆ ಒಳಗೆ ಬಂದು ಟಿವಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಆದರೆ ಬೂಟು ಹಾಕಿಕೊಂಡು ಮನೆಯೊಳಗೆ ಕಾಲಿಡುವವಳಲ್ಲ ನೀನು. ನನ್ನ ಮಾತನ್ನು ನಂಬಿ ಬಾಗಿಲಲ್ಲೇ ನಿಂತಿದ್ದೆ.